ಸೂರತ್‌ನಿಂದ ಬೆಂಗಳೂರಿಗೆ ಎಷ್ಟು ದೂರ?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಒಂದು ಸಣ್ಣ ಚರ್ಚೆ ಎದ್ದಿತು. ಸೂರತ್‌ನಿಂದ ಬೆಂಗಳೂರಿಗೆ ಎಷ್ಟು ದೂರ ಎಂಬುದೇ ಆ ಚರ್ಚೆಯ ವಿಷಯ. ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ತರುಣರೊಬ್ಬರು ಕೈಯಲ್ಲಿದ್ದ ಫೋನು ನೋಡಿ, ‘ಒಂದು ಸಾವಿರದ ಇಪ್ಪತ್ತೈದು ಕಿಲೋಮೀಟರು’ ಎಂದರು. ಪ್ರತಿ ವರ್ಷ ದೀಪಾವಳಿಗೆ ಸ್ವಂತ ಕಾರಿನಲ್ಲಿ ಊರಿಗೆ ಹೋಗುವ ಇನ್ನೊಬ್ಬರು, ‘ಎಲ್ಲಿಯ ಮಾತು, ಸಾವಿರದ ಇನ್ನೂರೈವತ್ತಕ್ಕೆ ಕಡಿಮೆಯಿಲ್ಲ’ ಎಂದು ವಾದಿಸಿದರು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ನಮ್ಮ ಹಿರಿಯರೊಬ್ಬರು ಮಾತ್ರ ತಲೆಯೆತ್ತದೆ, ‘ಎರಡು ರಾತ್ರಿ’ ಎಂದರು.

ತರುಣರು ನಕ್ಕರು. ನನಗೆ ನಗು ಬರಲಿಲ್ಲ. ಮೂವರು ಹೇಳಿದ್ದೂ ನಿಜವೇ ಎಂಬುದು ನನ್ನಂತೆ 1976ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಈ ಊರಿಗೆ ಬಂದವರಿಗೆ ಗೊತ್ತು. ದೂರವೆನ್ನುವುದನ್ನು ನಾವು ಗಾವುದದಲ್ಲಿ, ಮೈಲಿಯಲ್ಲಿ, ಕಿಲೋಮೀಟರಿನಲ್ಲಿ ಅಳೆಯುತ್ತ ಬಂದಿದ್ದರೂ ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ ಅದನ್ನು ಅಳೆಯುವುದು ಗಂಟೆಗಳಲ್ಲಿಯೇ. ಆ ಲೆಕ್ಕವನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣವೆಂದು ಈ ಲೇಖನ.

ಬಹಳ ಹಿಂದಿನಿಂದಲೇ ತೊಡಗಬೇಕು. ಸೂರತ್, ನವಸಾರಿ, ಭರೂಚ್ ಇರುವ ಈ ಪ್ರದೇಶಕ್ಕೆ ಲಾಟದೇಶವೆಂದು ಹೆಸರು. ಬಾದಾಮಿಯ ಚಾಲುಕ್ಯರ ಒಂದು ಶಾಖೆ ನವಸಾರಿಯಿಂದ ಆಳುತ್ತಿತ್ತು. ಆ ಶಾಖೆಯ ಅವನಿಜನಾಶ್ರಯ ಪುಲಕೇಶಿ ಸಿಂಧ್ ಕಡೆಯಿಂದ ಬಂದ ಅರಬ್ಬರ ಸೈನ್ಯವನ್ನು ಇಲ್ಲಿ ತಡೆದು ಹಿಮ್ಮೆಟ್ಟಿಸಿದ ಸಂಗತಿ 739ರ ನವಸಾರಿ ತಾಮ್ರಶಾಸನದಲ್ಲಿದೆ. ಆಮೇಲೆ ರಾಷ್ಟ್ರಕೂಟರು ಬಂದರು. ಮೂರನೆಯ ಗೋವಿಂದ ಲಾಟದೇಶವನ್ನು ತನ್ನ ತಮ್ಮ ಇಂದ್ರನ ಕೈಗೊಪ್ಪಿಸಿದ. ಗೋವಿಂದನ ತರುವಾಯ ಪಟ್ಟಕ್ಕೆ ಬಂದ ಅಮೋಘವರ್ಷ ಇನ್ನೂ ಬಾಲಕ, ಸಾಮಂತರು ದಂಗೆಯೆದ್ದರು. ಆಗ ಅವನ ಬೆನ್ನಿಗೆ ನಿಂತು ದಂಗೆಯಡಗಿಸಿ ಸಿಂಹಾಸನವನ್ನು ಉಳಿಸಿಕೊಟ್ಟವನು ಇಂದ್ರನ ಮಗ ಕರ್ಕ, ಅಂದರೆ ನಮ್ಮ ಈ ಕಡೆಯ ಅರಸ. 821ರ ಅವನ ತಾಮ್ರಪಟ ಸಿಕ್ಕಿದ್ದು ಸೂರತ್‌ನಲ್ಲಿಯೇ. ನವಸಾರಿಯ ಜೈನ ಬಸದಿಗೆ ಭೂಮಿ ಬಿಟ್ಟ ದಾನಶಾಸನವದು. ಅಮೋಘವರ್ಷನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೆಂಬುದನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಅದಕ್ಕೆ ಸೂರತ್ ಕಡೆಯ ನೆರವೂ ಒಂದಿಷ್ಟು ಕಾರಣ ಎಂದು ಹೇಳಿಕೊಂಡರೆ ಅತಿಶಯೋಕ್ತಿಯಾಗಲಾರದು.

ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸೂರತ್‌ನಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 630 ಕಿಲೋಮೀಟರು. ಆನೆ, ಕುದುರೆ, ಎತ್ತಿನ ಹೇರುಗಳೊಂದಿಗೆ ಘಟ್ಟ ಹತ್ತಿ ಹೊಳೆ ದಾಟಿ ಹೋಗುವ ಸೈನ್ಯ ದಿನಕ್ಕೆ ಇಪ್ಪತ್ತು ಕಿಲೋಮೀಟರು ನಡೆದರೆ ಹೆಚ್ಚು. ಅಂದರೆ ಒಂದು ತಿಂಗಳಿಗೆ ಕಡಿಮೆಯಿಲ್ಲದ ದಾರಿ. ಸುದ್ದಿ ಬರಲು ಬೇಕಾದ ದಿನಗಳು ಬೇರೆ.

ಇನ್ನು ಎಂಟು ಶತಮಾನ ದಾಟಿ ಸಮುದ್ರಮಾರ್ಗಕ್ಕೆ ಬರೋಣ. ಸೂರತ್ ಮೊಗಲರ ದೊಡ್ಡ ರೇವು. 1608ರಲ್ಲಿ ವಿಲಿಯಂ ಹಾಕಿನ್ಸ್ ಹೆಕ್ಟರ್ ಹಡಗಿನಲ್ಲಿ ಬಂದಿಳಿದದ್ದು, 1615ರಲ್ಲಿ ಸರ್ ಥಾಮಸ್ ರೋ ರಾಯಭಾರಿಯಾಗಿ ಬಂದದ್ದು ಇಲ್ಲಿಗೇ. ಆದರೆ ನಮ್ಮ ಲೆಕ್ಕಕ್ಕೆ ಬೇಕಾದವನು ಇಂಗ್ಲಿಷರವನಲ್ಲ, ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. ಕನ್ನಡ ಓದುಗರಿಗೆ ಈ ಪ್ರವಾಸಿ ಇಕ್ಕೇರಿಯ ವೆಂಕಟಪ್ಪ ನಾಯಕನ ಮತ್ತು ಉಳ್ಳಾಲದ ರಾಣಿಯ ಪ್ರಸಂಗದಲ್ಲಿ ಪರಿಚಿತ. ಅವನು ಹಿಂದೂಸ್ಥಾನದ ನೆಲದ ಮೇಲೆ ಮೊದಲು ಕಾಲಿಟ್ಟದ್ದು ಸೂರತ್‌ನಲ್ಲಿ ಎಂಬುದನ್ನು ಮಾತ್ರ ನಾವು ಹೆಚ್ಚು ಗಮನಿಸಿಲ್ಲ.

1623ರ ಫೆಬ್ರವರಿಯಲ್ಲಿ ಅವನು ಸೂರತ್‌ಗೆ ಬಂದ. ಖಂಭಾತ, ಅಹಮದಾಬಾದುಗಳನ್ನು ನೋಡಿ ಮರಳಿ, ಪೋರ್ಚುಗೀಸರ ಹಡಗು ಹತ್ತಿ ಏಪ್ರಿಲ್ ಹೊತ್ತಿಗೆ ಗೋವೆ ಸೇರಿದ. ಅಲ್ಲಿ ನಿಲ್ಲಬೇಕಾಯಿತು. ಮಳೆಗಾಲದಲ್ಲಿ ಪಶ್ಚಿಮ ಸಮುದ್ರ ಮುಚ್ಚಿಬಿಡುತ್ತದೆ. ನೈಋತ್ಯದ ಗಾಳಿಯೆದುರು ಹಾಯಿ ಹಡಗು ಏನೂ ಮಾಡಲಾರದು. ಅಕ್ಟೋಬರಿನಲ್ಲಿ, ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಿ, ಘಟ್ಟ ಹತ್ತಿ ನವೆಂಬರಿನಲ್ಲಿ ಇಕ್ಕೇರಿ ಸೇರಿದ. ಸೂರತ್ ಮುಟ್ಟಿದ ಒಂಬತ್ತು ತಿಂಗಳಿಗೆ ಕನ್ನಡದ ರಾಜಧಾನಿ. ಅವಸರವಿಲ್ಲದ ಮನುಷ್ಯ, ನಡುವೆ ಊರು ನೋಡುತ್ತ ಉಳಿದ ಎನ್ನಿ. ಅವಸರವಿದ್ದರೂ ಮಳೆಗಾಲದ ನಾಲ್ಕು ತಿಂಗಳು ಯಾರನ್ನೂ ಬಿಡುತ್ತಿರಲಿಲ್ಲ. ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಉಪಾಧ್ಯಾಯರಿಲ್ಲದೆ ತಾವೇ ರಾಗವಾಗಿ ಹಾಡಿಕೊಳ್ಳುತ್ತ, ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ನಮ್ಮ ಪ್ರಾಥಮಿಕ ಶಾಲೆಯ ಮಗ್ಗಿ ನೆನಪಾಗದೆ ಇರದು.

ಈ ಪ್ರವಾಸಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನ ಹೆಂಡತಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಡಲು ಮನಸ್ಸಾಗದೆ ದೇಹ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟಿದ್ದ. ಆ ಪೆಟ್ಟಿಗೆ ಅವನೊಡನೆ ಹಿಂದೂಸ್ಥಾನಕ್ಕೂ ಬಂದಿತು. ಕೊನೆಗೆ ಅವಳ ಸಮಾಧಿಯಾದದ್ದು 1627ರಲ್ಲಿ, ರೋಮ್ ನಗರದ ಅವನ ಮನೆತನದ ಇಗರ್ಜಿಯಲ್ಲಿ. ಸತ್ತವರನ್ನು ಮನೆಗೆ ಮುಟ್ಟಿಸಲು ಐದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡ ಪ್ರಯಾಣ.

ಆ ಕಾಲದ ಸೂರತ್ ಮತ್ತು ಕನ್ನಡ ಕರಾವಳಿ ನಾವು ಭಾವಿಸುವುದಕ್ಕಿಂತ ಹತ್ತಿರವಿದ್ದವು. ಕಾರವಾರದಲ್ಲಿ 1638ರಲ್ಲಿ ಇಂಗ್ಲಿಷರ ಕೋಠಿ ಶುರುವಾಗಿ ಮುಂದೆ ಸೂರತ್ ಕೋಠಿಯ ಕೈಕೆಳಗೆ ನಡೆಯಿತು. ಅಲ್ಲಿಯ ಮೆಣಸಿನ ಲೆಕ್ಕ ಇಲ್ಲಿಗೆ ಬರುತ್ತಿತ್ತು. 1664ರ ಜನವರಿಯಲ್ಲಿ ಸೂರತ್ ಲೂಟಿ ಮಾಡಿದ ಶಿವಾಜಿ, ಮರುವರ್ಷದ ಫೆಬ್ರವರಿಯಲ್ಲಿ ಸಮುದ್ರದ ಮೇಲೆ ಬಂದು ಬಸರೂರಿನ ಮೇಲೆ ಬಿದ್ದ. ಎರಡು ಸಿರಿವಂತ ರೇವುಗಳು, ಹದಿಮೂರು ತಿಂಗಳ ಅಂತರ. ಆದರೆ 1687ರಲ್ಲಿ ಕಂಪನಿಯವರು ತಮ್ಮ ಮುಖ್ಯ ಕಚೇರಿಯನ್ನು ಸೂರತ್‌ನಿಂದ ಮುಂಬಯಿಗೆ ಕೊಂಡೊಯ್ದರು. ಅಂದಿನಿಂದ ಸೂರತ್‌ನವರಿಗೆ ಯಾವ ದೂರದ ಊರಿಗೆ ಹೋಗಬೇಕಾದರೂ ಮೊದಲು ಮುಂಬಯಿಗೆ ಹೋಗುವುದು ಅಭ್ಯಾಸವಾಯಿತು. ಈ ಅಭ್ಯಾಸ ಎಷ್ಟು ಕಾಲ ನಡೆಯಿತೆಂದು ಮುಂದೆ ನೋಡುತ್ತೀರಿ.

ರೈಲಿನ ಕಥೆ ನಮ್ಮಲ್ಲಿ ಬಹಳ ಮಂದಿಗೆ ಸ್ವಂತ ಅನುಭವದ ಕಥೆ. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿಯ ಮೊದಲ ತುಂಡುದಾರಿ ತೆರೆದದ್ದು 1860ರ ಫೆಬ್ರವರಿಯಲ್ಲಿ, ತಾಪಿಯ ಆಚೆ ದಂಡೆಯ ಉತ್ರಾಣದಿಂದ ಅಂಕಲೇಶ್ವರಕ್ಕೆ, 29 ಮೈಲಿ. 1864ರಲ್ಲಿ ಅಹಮದಾಬಾದು ಮುಂಬಯಿಗಳು ಕೂಡಿದವು. ಅತ್ತ ಭೋರ್ ಘಾಟ್ 1863ರಲ್ಲಿ ಮುಗಿದು ಪುಣೆ ಮುಂಬಯಿಗೆ ಕೂಡಿತ್ತು. ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ದಾರಿ ಪುಣೆ, ಮಿರಜ್, ಬೆಳಗಾವಿ, ಹುಬ್ಬಳ್ಳಿ, ಹರಿಹರಗಳ ಮೇಲೆ ಬಂದು ಬೆಂಗಳೂರಿಗೆ ಕೂಡಿದ ಮೇಲೆ, 1890ರ ಹೊತ್ತಿಗೆ, ಸೂರತ್‌ನವನೊಬ್ಬ ಕಾಲಿಗೆ ಮಣ್ಣು ಹತ್ತದಂತೆ ಬೆಂಗಳೂರಿಗೆ ಹೋಗಬಹುದಾಯಿತು. ಆದರೆ ಇಳಿಯದಂತೆ ಅಲ್ಲ. ಪುಣೆಯಲ್ಲಿ ದೊಡ್ಡ ಗಾಡಿ ಬಿಟ್ಟು ಸಣ್ಣ ಗಾಡಿ ಹತ್ತಬೇಕು. 1971ರಲ್ಲಿ ಪುಣೆ–ಮಿರಜ್ ದಾರಿ ಬ್ರಾಡ್‌ಗೇಜ್ ಆದ ಮೇಲೆ ಆ ಇಳಿದು ಹತ್ತುವ ಜಾಗ ಮಿರಜ್‌ಗೆ ಸರಿಯಿತು.

ಮಿರಜ್! ಮುಂಬಯಿ, ಪುಣೆ, ಗುಜರಾತಿನಲ್ಲಿ ನೆಲೆಸಿದ ನಮ್ಮ ತಲೆಮಾರಿನ ಕನ್ನಡಿಗರಿಗೆ ಆ ನಿಲ್ದಾಣ ಒಂದು ತೀರ್ಥಕ್ಷೇತ್ರದ ಹಾಗೆ. ಬೆಳಗಿನ ಜಾವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಿಂದ ಇಳಿದು, ಹಮಾಲನ ತಲೆಗೆ ಟ್ರಂಕು ಹೊರಿಸಿ, ಮಕ್ಕಳನ್ನು ಎಳೆದುಕೊಂಡು ಮೀಟರ್‌ಗೇಜ್ ಪ್ಲಾಟ್‌ಫಾರ್ಮಿಗೆ ಓಡುವುದು. ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವುದು. ಅಲ್ಲಿ ಮೊದಲ ಬಾರಿಗೆ ಚಹಾ ಮಾರುವವನ ಬಾಯಲ್ಲಿ ಕನ್ನಡ ಕೇಳಿದಾಗ ನನ್ನ ಹೆಂಡತಿ ಪ್ರತಿ ಸಲವೂ, ‘ಊರು ಬಂತು ನೋಡ್ರಿ’ ಎನ್ನುತ್ತಿದ್ದಳು. ನಮ್ಮ ಊರು ಹಾವೇರಿಯ ಕಡೆ. ಇನ್ನೂ ಇಡೀ ದಿನದ ದಾರಿ ಉಳಿದಿರುತ್ತಿತ್ತು.

1981ರ ಒಂದು ಸಂಜೆ ಕೆಲಸದಿಂದ ಮನೆಗೆ ಬಂದಾಗ ಬಾಗಿಲಲ್ಲಿ ತಂತಿ ಕಾದಿತ್ತು. ‘ಫಾದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮೀಡಿಯಟ್ಲಿ’. ಅಪ್ಪ ತೀರಿದ್ದು ಅಂದು ಬೆಳಿಗ್ಗೆ. ಮರುದಿನ ನಸುಕಿನಲ್ಲಿ ಫ್ಲೈಯಿಂಗ್ ರಾಣಿ ಹಿಡಿದೆ. ಎರಡು ವರ್ಷದ ಹಿಂದಷ್ಟೇ ಅದಕ್ಕೆ ಎರಡಂತಸ್ತಿನ ಬೋಗಿಗಳನ್ನು ಹಾಕಿದ್ದರು. ನನ್ನ ಸುತ್ತ ಜನ ಮೇಲಿನ ಅಂತಸ್ತಿಗೆ ಹತ್ತುವ ಉತ್ಸಾಹದಲ್ಲಿದ್ದರು. ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದು ವಿಟಿಗೆ ಹೋಗಿ ಇಡೀ ಹಗಲು ಬೆಂಚಿನ ಮೇಲೆ ಕುಳಿತೆ. ರಾತ್ರಿ ಮಹಾಲಕ್ಷ್ಮಿ. ಬೆಳಿಗ್ಗೆ ಮಿರಜ್. ಊರು ಮುಟ್ಟಿದಾಗ ಮೂರನೆಯ ದಿನದ ರಾತ್ರಿ, ಬೂದಿಯೂ ತಣ್ಣಗಾಗಿತ್ತು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ‘ಪಾಪ, ಅಷ್ಟು ದೂರದಿಂದ ಬಂದಾನ’ ಎಂದು ಅವ್ವ ಮೊದಲು ನೀರು ತಂದುಕೊಟ್ಟಳು. ನಾನು ಬರುವತನಕ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬರಲಾಗದವನು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆಗ ವಿಮಾನವಿರಲಿಲ್ಲವೇ ಎಂದು ಕೇಳುವಿರಿ. ಇತ್ತು. ಬೆಂಗಳೂರಿಗೂ ಇತ್ತು, ಅಹಮದಾಬಾದಿಗೂ ಇತ್ತು. ನಮ್ಮ ಕೈಗೆ ಎಟುಕುವಂತಿರಲಿಲ್ಲ, ಅಷ್ಟೆ. ಸೂರತ್‌ನಿಂದಂತೂ ಇರಲಿಲ್ಲ.

ಗುಜರಾತ್ ಮತ್ತು ಕನ್ನಡನಾಡುಗಳನ್ನು ವಿಮಾನ ಕೂಡಿಸಿದ ದಿನ ಯಾವುದೆಂದು ನಿಖರವಾಗಿ ಹೇಳಬಹುದು: 1932ರ ಅಕ್ಟೋಬರ್ 15, ಶನಿವಾರ. ಅಂದು ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಪುಟ್ಟ ಪಸ್ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿಕೊಂಡು ಹೊರಟರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದಿಳಿಸಿದ ಅಂಚೆ ಚೀಲಗಳು ಅದರಲ್ಲಿದ್ದವು. ತೂಕ 55 ಪೌಂಡು, ಎಂದರೆ ಸುಮಾರು 25 ಕಿಲೋ. ನಮ್ಮ ಮನೆಗೆ ಊರಿನಿಂದ ಬರುವ ಜೋಳದ ಚೀಲ ಇದಕ್ಕಿಂತ ಭಾರ. ವೇಗ ಗಂಟೆಗೆ ನೂರು ಮೈಲಿ. ರೇಡಿಯೋ ಇಲ್ಲ, ದಾರಿ ತೋರಿಸುವವರಿಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಬರ್ಮಾ ಶೆಲ್ ಕಂಪನಿಯವರು ಎತ್ತಿನ ಗಾಡಿಯಲ್ಲಿ ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ ಪೆಟ್ರೋಲು ತಂದು ತುಂಬಿಸಿದರು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಮುಂಬಯಿಯ ಜುಹು ತೀರದ ಮೈದಾನದಲ್ಲಿ ಇಳಿದರು.

ಕಥೆ ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲಿಸುತ್ತಾರೆ. ನಮಗೆ ಬೇಕಾದದ್ದು ಮುಂದಿನದು. ಜುಹುವಿನಲ್ಲಿ ಕಾದಿದ್ದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಆ ಅಂಚೆಯನ್ನು ತೆಗೆದುಕೊಂಡು ಹಾರಿ ಬಂದಿಳಿದದ್ದು ನಮ್ಮ ಬಳ್ಳಾರಿಯಲ್ಲಿ! ರಾತ್ರಿ ಅಲ್ಲಿ ತಂಗಿ ಮರುದಿನ ಮದ್ರಾಸಿಗೆ ಹೋದ. ಬಳ್ಳಾರಿ ಆಗ ಮದ್ರಾಸು ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದರೆ ಜನ ಕನ್ನಡದವರೇ. ಹೀಗೆ ಆ ವಿಮಾನ ಅಂಚೆಯ ಐದು ನಿಲ್ದಾಣಗಳಲ್ಲಿ ಒಂದು ಗುಜರಾತಿನದು, ಒಂದು ಕನ್ನಡದ್ದು. ಬೆಳಿಗ್ಗೆ ಅಹಮದಾಬಾದಿನ ನೆಲ ಮುಟ್ಟಿದ ಚೀಲ ಅದೇ ದಿನ ಬಳ್ಳಾರಿ ಮುಟ್ಟಿತು. ಹಳಿಯ ಮೇಲೆ ದಿನಗಟ್ಟಲೆ ಬೇಕಿದ್ದ ದಾರಿ ಹೀಗೆ ಒಂದು ಹಗಲಿಗೆ ಇಳಿಯಿತು. ಅದೂ ಕಾಗದಕ್ಕೆ ಮಾತ್ರ, ಮನುಷ್ಯನಿಗಲ್ಲ. 1933ರ ಇಡೀ ವರ್ಷದಲ್ಲಿ ಟಾಟಾ ವಿಮಾನಗಳು 1,60,000 ಮೈಲಿ ಹಾರಿದರೂ ಹತ್ತಿದ ಪ್ರಯಾಣಿಕರು 155 ಮಂದಿ. ಮುಂದೆ ಆ ದಾರಿ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿನ ಮೇಲೆ ಹೋಯಿತು. ಟಾಟಾ ಅವರು 1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಐವತ್ತು ವರ್ಷದ ನೆನಪಿಗಾಗಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಮತ್ತೆ ತಾವೇ ಹಾರಿಸಿದರು. ಪತ್ರಿಕೆಯಲ್ಲಿ ಅದನ್ನು ಓದಿದ್ದು ನನಗೆ ನೆನಪಿದೆ. ಬಳ್ಳಾರಿಯ ಹೆಸರು ಅಂದಿನ ಸುದ್ದಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಅಹಮದಾಬಾದಿನಿಂದ ಜುಹುಗೆ ನಕಾಶೆಯ ಮೇಲೆ ಗೆರೆ ಎಳೆದು ನೋಡಿ. ಅದು ಸೂರತ್‌ನ ನೆತ್ತಿಯ ಸಮೀಪವೇ ಹಾಯುತ್ತದೆ. 1932ರಿಂದ ಅದೆಷ್ಟು ವಿಮಾನಗಳು ಹಾಗೆ ಹಾದುಹೋದವೋ! ಇಳಿಯಲು ಕಾರಣವಿರಲಿಲ್ಲ. ಸೂರತ್‌ನ ವಿಮಾನ ನಿಲ್ದಾಣದಿಂದ ಮುಂಬಯಿಯದಕ್ಕೆ ಆಕಾಶದಲ್ಲಿ ಸುಮಾರು 225 ಕಿಲೋಮೀಟರು, ಅಹಮದಾಬಾದಿನದಕ್ಕೆ 218. ಎರಡು ದೊಡ್ಡ ನಿಲ್ದಾಣಗಳ ಸರಿ ನಡುವೆ ಬಿದ್ದ ಊರು. ನಡುವೆ ಒಳ್ಳೆಯ ರೈಲು. ವಿಮಾನ ಮೇಲೇರಿ ಇಳಿಯುವಷ್ಟರಲ್ಲಿ ರೈಲಿನವನು ಅರ್ಧ ದಾರಿ ಹೋಗಿರುತ್ತಾನೆ ಎಂಬ ಲೆಕ್ಕ ಕಂಪನಿಗಳದು. ಆ ಲೆಕ್ಕ ಮುಂಬಯಿಗೆ ಹೋಗುವವನಿಗೆ ಸರಿ. ಬೆಂಗಳೂರಿಗೆ ಹೋಗುವವನನ್ನು ಯಾರೂ ಎಣಿಸಲಿಲ್ಲ.

ಅತ್ತ ಕನ್ನಡನಾಡಿನಲ್ಲಿ ವಿಮಾನದ ಕೆಲಸ ಬೇಗ ಬೆಳೆಯಿತು. ಅದರಲ್ಲಿ ಗುಜರಾತಿಯೊಬ್ಬರ ಕೈಯಿದೆ. ಸೋಲಾಪುರದಲ್ಲಿ ನೆಲೆಸಿದ್ದ ಗುಜರಾತಿ ಜೈನ ಮನೆತನದ ವಾಲ್‌ಚಂದ್ ಹೀರಾಚಂದ್, ಮೈಸೂರು ಸರಕಾರದ ಸಹಾಯ ಪಡೆದು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟುಹಾಕಿದರು. ಆ ಕಾರ್ಖಾನೆಯ ಮೈದಾನವೇ 2008ರ ಮೇ ತಿಂಗಳವರೆಗೆ ಬೆಂಗಳೂರಿಗೆ ವಿಮಾನ ನಿಲ್ದಾಣ. ಮಂಗಳೂರಿನ ಬಜಪೆಯಲ್ಲಿ 1951ರ ಕ್ರಿಸ್‌ಮಸ್ ದಿನ ಪಂಡಿತ ನೆಹರೂ ಅವರ ವಿಮಾನ ಇಳಿದು ನಿಲ್ದಾಣ ತೆರೆಯಿತು. ಇಲ್ಲಿಯ ಉಡುಪಿ ಹೋಟೆಲಿನ ಮಾಲೀಕರಲ್ಲಿ ಅನುಕೂಲವಿದ್ದವರು ಮುಂಬಯಿಯಿಂದ ಬಜಪೆಗೆ ಹಾರುತ್ತಿದ್ದರು. ನಮ್ಮಂಥವರು ಅದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಕೇಳಿ ಬೆರಗಾಗುತ್ತಿದ್ದೆವು.

ಸೂರತ್‌ನಲ್ಲಿ ಡುಮಸ್ ರಸ್ತೆಯ ಮಗದಲ್ಲಾದಲ್ಲಿ ಸಣ್ಣ ನಿಲ್ದಾಣವೊಂದಾಗಿ, 1990ರ ದಶಕದಲ್ಲಿ ಪುಟ್ಟ ವಿಮಾನಗಳು ಕೆಲಕಾಲ ಬಂದು ನಿಂತುಹೋದವು. ಮತ್ತೆ ಸರಿಯಾಗಿ ಶುರುವಾದದ್ದು 2007ರಲ್ಲಿ, ದಿಲ್ಲಿಯ ವಿಮಾನದಿಂದ. ಮುಖ್ಯ ಕಚೇರಿ ಮುಂಬಯಿಗೆ ಹೋದ 1687ರಿಂದ ಲೆಕ್ಕ ಹಾಕಿದರೆ ಸರಿಯಾಗಿ 320 ವರ್ಷ. ಅಲ್ಲಿಂದ ಮುಂದೆಯೂ ಸರಾಗವಾಗಿರಲಿಲ್ಲ. 2014ರ ನವೆಂಬರಿನಲ್ಲಿ ದಿಲ್ಲಿಗೆ ಹಾರಲು ಓಡುತ್ತಿದ್ದ ವಿಮಾನಕ್ಕೆ ರನ್‌ವೇ ಮೇಲೆ ಎಮ್ಮೆಯೊಂದು ಅಡ್ಡ ಬಂದು ದೊಡ್ಡ ಸುದ್ದಿಯಾಯಿತು. ಜನರಿಗೆ ಅಪಾಯವಾಗಲಿಲ್ಲ, ಎಮ್ಮೆ ಸತ್ತಿತು, ಕೆಲವು ವಿಮಾನಗಳು ಬರುವುದನ್ನು ಬಿಟ್ಟವು. ಅಂದು ನಮ್ಮ ಊರಿನಿಂದ ಬಂದ ಫೋನುಗಳಿಗೆಲ್ಲ ಎಮ್ಮೆಯ ಕ್ಷೇಮ ಸಮಾಚಾರವನ್ನೇ ಹೇಳಬೇಕಾಯಿತು. ಬಳಿಕ 2,250 ಮೀಟರಿನ ರನ್‌ವೇ 2,905 ಮೀಟರು ಆಯಿತು. ಬೆಂಗಳೂರಿಗೆ ನೇರ ವಿಮಾನವೂ ಬಂದಿತು. 2020ರ ಡಿಸೆಂಬರಿನಲ್ಲಿ ಬೆಳಗಾವಿಗೂ ಒಂದು ಸಣ್ಣ ವಿಮಾನ ಶುರುವಾಯಿತು; ಆಕಾಶದಲ್ಲಿ ಬೆಳಗಾವಿ ಇಲ್ಲಿಂದ 620 ಕಿಲೋಮೀಟರಿನ ಒಳಗೇ. 2023ರ ಡಿಸೆಂಬರ್ 17ರಂದು ಹೊಸ ಟರ್ಮಿನಲ್ ಕಟ್ಟಡದ ಉದ್ಘಾಟನೆ.

ರೈಲೂ ಈ ನಡುವೆ ಸುಮ್ಮನಿರಲಿಲ್ಲ. 1990ರ ದಶಕದಲ್ಲಿ ಮಿರಜ್–ಬೆಂಗಳೂರು ದಾರಿ ಬ್ರಾಡ್‌ಗೇಜ್ ಆಗಿ, ಗಾಂಧಿಧಾಮ, ಅಜ್ಮೇರ್ ಕಡೆಯ ಗಾಡಿಗಳು ಸೂರತ್, ವಸಾಯಿ, ಪುಣೆ, ಹುಬ್ಬಳ್ಳಿಗಳ ಮೇಲೆ ಇಳಿಯದೆ ಬೆಂಗಳೂರಿಗೆ ಹೋಗತೊಡಗಿದವು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದು ಕಾರವಾರ, ಉಡುಪಿ, ಮಂಗಳೂರಿನವರ ಸುತ್ತುದಾರಿ ತಪ್ಪಿತು. ನನ್ನ ಮಟ್ಟಿಗೆ ಹೇಳುವುದಾದರೆ, ಸಂಸಾರ ಸಮೇತ ಸಾಮಾನು ಹಿಡಿದು ಹೋಗಲು ಇಂದಿಗೂ ರೈಲೇ ವಾಸಿ. ಬುತ್ತಿ ಬಿಚ್ಚಿ ಊಟ ಮಾಡುವ ಸುಖ ವಿಮಾನದಲ್ಲಿಲ್ಲ.

ಈಗ ಆ ತರುಣರ ಸಾವಿರದ ಇಪ್ಪತ್ತೈದಕ್ಕೆ ಬರೋಣ. ಎರಡು ನಿಲ್ದಾಣಗಳ ನಡುವೆ ಭೂಗೋಳದ ಮೇಲೆ ದಾರ ಬಿಗಿಯಾಗಿ ಎಳೆದರೆ ಬರುವ ಉದ್ದ ಅದು. ವಿಮಾನದವರ ನಾಟಿಕಲ್ ಮೈಲಿಯ ಲೆಕ್ಕದಲ್ಲಿ ಸುಮಾರು 553. ಮನೆಯಲ್ಲಿ ನಕಾಶೆಯ ಮೇಲೆ ಸ್ಕೇಲಿಟ್ಟು ಆ ಗೆರೆಯನ್ನು ನಾನೂ ಎಳೆದು ನೋಡಿದೆ. ಸೂರತ್ ಬಿಟ್ಟು ನಾಶಿಕದ ಪಶ್ಚಿಮಕ್ಕೆ ಸಹ್ಯಾದ್ರಿ ಏರಿ, ಪುಣೆ ಅಹ್ಮದನಗರಗಳ ನಡುವೆ ಹಾಯ್ದು, ವಿಜಯಪುರವನ್ನು ಎಡಕ್ಕೆ ಬಿಟ್ಟು, ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ದಾಟುತ್ತದೆ. ಮುಂದೆ ಹೊಸಪೇಟೆಯ ತುಂಗಭದ್ರಾ ಜಲಾಶಯದ ಮೇಲೆ, ಹಂಪಿಯ ಮಗ್ಗುಲಲ್ಲಿ. ಆಮೇಲೆ ಪಾವಗಡದ ಕಡೆಯಿಂದ ದೇವನಹಳ್ಳಿ. ಪೈಲಟ್ ಈ ಗೆರೆಯನ್ನೇ ಹಿಡಿದು ಹೋಗುತ್ತಾನೆಂದಲ್ಲ. ಆಕಾಶದಲ್ಲಿಯೂ ಗೊತ್ತುಪಡಿಸಿದ ದಾರಿಗಳಿವೆ. ಆದರೂ ಎಡಗಡೆ ಕಿಟಕಿಯಲ್ಲಿ ಕುಳಿತವರು ನೀರಿನ ದೊಡ್ಡ ಹರವು ಕಂಡರೆ ಮಕ್ಕಳಿಗೆ ಹೆಸರು ಹೇಳಿಕೊಡಬಹುದು.

ಗಂಟೆಗೆ 800 ಕಿಲೋಮೀಟರು ಹೋಗುವ ವಿಮಾನಕ್ಕೆ ಈ ದೂರ ಒಂದೂಕಾಲು ಗಂಟೆಯ ಕೆಲಸ. ವೇಳಾಪಟ್ಟಿಯಲ್ಲಿ ಮಾತ್ರ ಎರಡು ಗಂಟೆಗೆ ಸಮೀಪದ ಹೊತ್ತು ಬರೆದಿರುತ್ತದೆ. ಅದು ಸುಳ್ಳಲ್ಲ. ವಿಮಾನ ತಂಗಿದ ಜಾಗದಿಂದ ಕದಲಿದ ಗಳಿಗೆಯಿಂದ ಅಲ್ಲಿ ಹೋಗಿ ನಿಂತ ಗಳಿಗೆಯವರೆಗೆ ಅವರ ಲೆಕ್ಕ. ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ನಿಧಾನವಾಗಿ ಮೇಲೇರುವುದು, ಇಳಿಯುವ ಮುನ್ನ ಸರದಿಗಾಗಿ ಸುತ್ತುವುದು ಎಲ್ಲ ಅದರಲ್ಲಿ ಸೇರಿದೆ. ಸಣ್ಣ ದೂರಕ್ಕೆ ಈ ಖರ್ಚೇ ಹೆಚ್ಚು.

ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ನನ್ನ ಅಣ್ಣ ಹೋದ. ನಸುಕಿನ ಐದು ಗಂಟೆಗೆ ಅವನ ಮಗನ ಫೋನು. ಅಳು ನುಂಗಿಕೊಂಡು ಆ ಹುಡುಗ ಕೇಳಿದ ಮೊದಲ ಮಾತು, ‘ಕಾಕಾ, ಎಷ್ಟೊತ್ತಿಗೆ ಮುಟ್ಟತೀರಿ? ನೀವು ಬರೂತನಕ ಕಾಯ್ತೀವ್ರಿ.’ ನನ್ನ ಮಗಳು ಹಾಸಿಗೆಯ ಮೇಲೆ ಕುಳಿತೇ ಟಿಕೆಟು ಮಾಡಿದಳು. ವಿಮಾನ ಹೊರಡುವುದು ಒಂದೂವರೆ ಗಂಟೆ ತಡವಾಯಿತು. ನಿಲ್ದಾಣದ ಗಾಜಿನ ಗೋಡೆಯ ಹತ್ತಿರ ಕುಳಿತು, ಅಲ್ಲಿ ಅವರೆಲ್ಲ ಉಪವಾಸ ನನಗಾಗಿ ಕಾಯುತ್ತಿರುವುದನ್ನು ನೆನೆಯುತ್ತಿದ್ದರೆ, 1981ರಲ್ಲಿ ವಿಟಿಯ ಬೆಂಚಿನ ಮೇಲೆ ಕುಳಿತ ಹಗಲಿಗಿಂತ ಈ ಒಂದೂವರೆ ಗಂಟೆ ಉದ್ದವೆನಿಸಿತು. ಅಂದು ನನಗಾಗಿ ಯಾರೂ ಕಾಯುತ್ತಿರಲಿಲ್ಲ. ಇಂದು ಚಿಕ್ಕ ಮಕ್ಕಳು, ತೊಂಬತ್ತರ ಹತ್ತಿರದ ಸೋದರತ್ತೆ, ಕೆಲಸಕ್ಕೆ ರಜೆ ಹಾಕಿ ಬಂದ ನೆರೆಯವರು, ಎಲ್ಲರೂ ಗಡಿಯಾರ ನೋಡುತ್ತ ಕುಳಿತಿದ್ದಾರೆ. ದೂರದಲ್ಲಿದ್ದೇನೆ ಎಂಬ ರಿಯಾಯಿತಿ ನಮಗೆ ಹೋಗಿಬಿಟ್ಟಿದೆ ಎಂದು ನನಗೆ ಹೊಳೆದದ್ದು ಅಲ್ಲಿ.

ಅಂದಿನ ಲೆಕ್ಕ ಹೀಗಿತ್ತು. ಮನೆಯಿಂದ ಮಗದಲ್ಲಾಕ್ಕೆ ಮುಕ್ಕಾಲು ಗಂಟೆ. ಅಲ್ಲಿ ತಡವೂ ಸೇರಿ ಮೂರು ಗಂಟೆ. ಆಕಾಶದಲ್ಲಿ ಎರಡಕ್ಕೆ ತುಸು ಕಡಿಮೆ. ದೇವನಹಳ್ಳಿಯಲ್ಲಿ ಇಳಿದು ಜಯನಗರದ ಕಡೆಗೆ ಹೋಗಲು ಮತ್ತೆ ಎರಡು ಗಂಟೆ, ಹೆಬ್ಬಾಳದ ಸೇತುವೆಯ ಮೇಲೆಯೇ ಅರ್ಧ ಗಂಟೆ. ಮನೆಗೆ ಹೋಗಲಿಲ್ಲ; ಕಾರನ್ನು ನೇರವಾಗಿ ವಿದ್ಯುತ್ ಚಿತಾಗಾರಕ್ಕೆ ಬಿಡಲು ಹೇಳಿದರು. ಹೋಗಿ ಇಳಿದಾಗ ನಾಲ್ಕು ಗಂಟೆ. ಅಣ್ಣನ ಮಗ ಬಂದು ನನ್ನ ಕೈಚೀಲ ತೆಗೆದುಕೊಂಡು, ‘ಬರ್ರಿ ಕಾಕಾ, ಮುಖ ನೋಡ್ರಿ’ ಎಂದು ಒಳಗೆ ಕರೆದುಕೊಂಡು ಹೋದ.